ಮೂಲೆ ಬಿಡದ ಕಂಪ್ಯೂಟರು

ನ್ಯಾಮತಿಯ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ನೋಡುವುದು ಪಡಸಾಲೆಯ ಮೂಲೆಯನ್ನು. ನೋಡಿ ಸುಮ್ಮನೆ ಕೂತರೆ ಅವರ ಗಂಟೇನು ಹೋಗುತ್ತದೋ ಕಾಣೆ, "ಇದಿನ್ನೂ ಐತಾ?" ಎಂದು ಕೇಳಿಯೇ ಕೇಳುತ್ತಾರೆ. ಹುಷಾರಿಲ್ಲದವರನ್ನು ನೋಡಲು ಎಳನೀರು ಹಿಡಿದು ಬಂದವರು, ಅವರು ಎದ್ದು ಓಡಾಡುತ್ತಿರುವುದನ್ನು ಕಂಡು ತುಸು ನಿರಾಸೆಪಟ್ಟ ಹಾಗಿರುತ್ತದೆ ಆ ಧ್ವನಿ. ಇದು ಎಂದರೆ ನನ್ನ ಕಂಪ್ಯೂಟರು. ತೊಡೆಯ ಮೇಲೆ ಕೂರಿಸಿಕೊಳ್ಳುವ ಜಾತಿಯದ್ದಲ್ಲ. ಮೇಜಿನ ಮೇಲೆ ಪರದೆ, ಅದರ ಪಕ್ಕ ಸಿಪಿಯು ಎಂಬ ಕಪ್ಪು ಡಬ್ಬ, ಹಿಂದೆ ಯಾರಿಗೂ ಬಿಡಿಸಲಾಗದ ವೈರುಗಳ ಜಡೆ, ಹೀಗೆ ತುಂಬು ಸಂಸಾರವಿರುವ ಹಳೇ ಕಾಲದ ಕಂಪ್ಯೂಟರು.

"ಐತೆ" ಎನ್ನುತ್ತೇನೆ ನಾನು. ಬೇಕೆಂದೇ ಸ್ವಲ್ಪ ಜೋರಾಗಿ ಎನ್ನುತ್ತೇನೆ.

ಇದರಲ್ಲಿ ನಾನು ಲಗ್ನಪತ್ರಿಕೆ ಕಂಪೋಸ್ ಮಾಡುತ್ತೇನೆ. ಲಗ್ನವೊಂದೇ ಅಲ್ಲ, ನಾಮಕರಣ, ಗೃಹಪ್ರವೇಶ, ಶಿವಗಣಾರಾಧನೆ, ಏನು ಬಂದರೂ ಸರಿ. ಅಚ್ಚಾಗುವುದು ಹೊನ್ನಾಳಿಯ ಪ್ರೆಸ್ಸಿನಲ್ಲಿ, ಆದರೆ ಸುತ್ತಲಿನ ಎಷ್ಟೋ ಮದುವೆಗಳು ಮೊದಲು ನಡೆಯುವುದು ನಮ್ಮ ಮೂಲೆಯಲ್ಲಿಯೇ. ಅಕ್ಷರ ಕುಟ್ಟುವುದು ಸುಲಭ. ಕಷ್ಟವಿರುವುದೆಲ್ಲ 'ಸುಖಾಗಮನ ಬಯಸುವವರು' ಎಂಬಲ್ಲಿ. ಸಾಸ್ವೆಹಳ್ಳಿಯ ಒಂದು ಮನೆಯವರು ಚಿಕ್ಕಪ್ಪನ ಹೆಸರು ಮೇಲೋ ಸೋದರಮಾವನ ಹೆಸರು ಮೇಲೋ ಎಂದು ನನ್ನ ಬೆನ್ನ ಹಿಂದೆ ನಿಂತೇ ಜಗಳವಾಡಿದರು. ಕೊನೆಗೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಹಾಕಿದೆ. ಹಾಗಾದರೆ ಎಡಗಡೆ ಯಾರು ಎಂದು ಮತ್ತೆ ಶುರು ಮಾಡಿದರು. ಇಂಥವರೇ ಹೋಗುವಾಗ, "ಈಗ ಎಲ್ಲಾ ಮೊಬೈಲ್‌ನಾಗೇ ಮಾಡಬಹುದಂತಲ್ರೀ" ಎನ್ನುತ್ತಾರೆ. ಮಾಡಿ ಸ್ವಾಮಿ, ಬೇಡವೆಂದವರು ಯಾರು? ಆ ಸೋದರಮಾವನಿಗೆ ಕನ್ನಡಕ ಹಾಕಿಸಿ ಅಂಗೈಯಗಲದ ಪರದೆಯಲ್ಲಿ ಅವರ ಹೆಸರು ಹುಡುಕಿಸಿ ನೋಡಿ. ಮದುವೆಯೇ ನಿಂತುಹೋಗುತ್ತದೆ.

ಇಂಥ ನನ್ನ ಕಂಪ್ಯೂಟರು ಹೋದ ವರ್ಷ ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ಚಾಲೂ ಆಗಲಿಲ್ಲ. ಅಂದರೆ ಪೂರ್ತಿ ಆಗಲೇ ಇಲ್ಲವೆಂದಲ್ಲ. ಗುಂಡಿ ಒತ್ತಿದೆ, ಒಳಗಿನ ಫ್ಯಾನು ಗುರ್ ಎಂದಿತು, ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ತಿರುಗಿತು, ಆಮೇಲೆ ನಿಂತಿತು. ಮತ್ತೆ ಒತ್ತಿದೆ. ಜಪ್ಪಯ್ಯ ಎನ್ನಲಿಲ್ಲ.

ನಮ್ಮ ಯಜಮಾನರು ಅಂಗಡಿಗೆ ಹೊರಟು ನಿಂತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಬೀಜ ಗೊಬ್ಬರದ ಅಂಗಡಿ. ಬಂದವರೇ ಡಬ್ಬದ ನೆತ್ತಿಗೆ ಎರಡು ಬಿಟ್ಟರು. ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಮೊದಲ ಔಷಧಿ ಏಟು. ನಮ್ಮನೆಯ ಹಳೇ ಟೀವಿಯನ್ನು ಇವರು ಹೀಗೆಯೇ ವರ್ಷಗಟ್ಟಲೆ ಬಡಿದು ಬಡಿದು ನೋಡಿದ್ದಾರೆ. ಬಲಗೆನ್ನೆಗೆ ಹೊಡೆದರೆ ಚಿತ್ರ, ಎಡಗೆನ್ನೆಗೆ ಹೊಡೆದರೆ ಧ್ವನಿ. ಎರಡೂ ಒಟ್ಟಿಗೆ ಬೇಕೆಂದು ಒಂದು ದಿನ ನಡುನೆತ್ತಿಗೆ ಹೊಡೆದರು. ಅಂದಿನಿಂದ ಅದು ಅಟ್ಟದ ಮೇಲಿದೆ.

"ಹೋತು ಬಿಡು. ಇದರ ಆಯಸ್ಸು ಇಷ್ಟೇ" ಎಂದರು.

"ಹೋತು ಅನ್ನಾಕೆ ನೀವೇನು ಇದರ ಡಾಕ್ಟರಾ?"

"ಇವತ್ತು ಸಂಜಿಗೆ ಗುಜರಿಯೋನು ಬರ್ತಾನೆ, ಕೊಟ್ಟುಬಿಡಾಣ. ಆ ಮೂಲಿಗೊಂದು ದಿವಾನ್ ಹಾಕಿದ್ರೆ ಬಂದೋರಿಗೆ ಕುಂದ್ರಾಕಾದ್ರೂ ಆಗ್ತೈತೆ."

ನೋಡಿ, ವಿಷಯ ಇರುವುದು ಇಲ್ಲಿ. ಇವರ ಕಣ್ಣು ಕಂಪ್ಯೂಟರಿನ ಮೇಲಲ್ಲ, ಮೂಲೆಯ ಮೇಲೆ. ಚನ್ನಗಿರಿಯ ದಾಯಾದಿಗಳ ಮನೆಯಲ್ಲಿ ದಿವಾನ್ ನೋಡಿ ಬಂದಾಗಿನಿಂದ ಇವರಿಗೆ ನಮ್ಮ ಪಡಸಾಲೆ ಬೋಳಾಗಿ ಕಾಣುತ್ತಿತ್ತು. ನನಗೋ, ಇಡೀ ಮನೆಯಲ್ಲಿ ನನ್ನದು ಎನ್ನುವ ಜಾಗವಿದ್ದರೆ ಅದೊಂದೇ. ಅಲ್ಲಿ ಕೂತಿದ್ದಾಗ "ಗಿರಿಜಾ, ಚಾ" ಎಂದು ಯಾರೂ ಕೂಗುವುದಿಲ್ಲ. "ಕೆಲಸದಾಗೆ ಅದಾಳೆ" ಎನ್ನುತ್ತಾರೆ. ಅಡುಗೆಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತರೂ ಆ ಮಾತು ಬರುವುದಿಲ್ಲ. ದಿವಾನ್ ಬಂದರೆ ಬಂದವರು ಅದರ ಮೇಲೆ ಕಾಲು ಮಡಚಿ ಕೂರುತ್ತಾರೆ, ನಾನು ಅವರಿಗೆ ಚಹಾ ತಂದು ಕೊಡುತ್ತೇನೆ. ಆಗುವುದಿಷ್ಟೇ. ನನಗೆ ಮೈಯೆಲ್ಲ ಉರಿಯಿತು.

"ಗುಜರಿಯೋನು ಬರಲಿ" ಎಂದೆ. "ಅಷ್ಟೊತ್ತಿಗೆ ಇದು ಚಾಲೂ ಆಗ್ಲಿಲ್ಲ ಅಂದ್ರೆ ನಾನೇ ಎತ್ತಿ ಅವನ ಗಾಡಿಗೆ ಹಾಕ್ತೀನಿ. ಅಲ್ಲೀವರೆಗೆ ಯಾರೂ ಇದನ್ನ ಮುಟ್ಟಂಗಿಲ್ಲ."

ಹೊಸಿಲ ಬಳಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತದೆ, "ಮುಟ್ಟಂಗಿಲ್ಲ ಅಂದ್ಲಲ್ಲ. ಅಂಗಡಿಗೆ ಹೊತ್ತಾತು, ಹೋಗಪ್ಪಾ" ಎಂದರು ಮಗನಿಗೆ.

ಅತ್ತೆ ಹಾಗೆಂದದ್ದು ಹೊಸತೇನಲ್ಲ. ಈ ಮೂಲೆ ನನಗೆ ಸಿಕ್ಕದ್ದೇ ಅವರಿಂದ. ಕಂಪ್ಯೂಟರು ತಂದ ದಿನ ಮನೆಯಲ್ಲಿ ರಾದ್ಧಾಂತವಾಗಿತ್ತು. ಸೊಸೆಯಾದವಳು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೆಂದರೇನು, ಬಂದ ಹೋದ ಗಂಡಸರು ಅವಳ ಬೆನ್ನ ಹಿಂದೆ ನಿಲ್ಲುವುದೆಂದರೇನು ಎಂದು, ಆಗ ಬದುಕಿದ್ದ ಮಾವ ಆ ಡಬ್ಬವನ್ನು ವಾಪಸು ಕಟ್ಟಿಸುತ್ತಿದ್ದರು. ಅತ್ತೆ ಉಬ್ರಾಣಿ ಕಡೆಯ ಒಕ್ಕಲು ಮನೆತನದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಮಾವನೆದುರು ಎತ್ತರದ ದನಿಯಲ್ಲಿ ಮಾತಾಡಿದವರೂ ಅಲ್ಲ. ಅಂದೂ ಮಾತಾಡಲಿಲ್ಲ. ಒಳಗೆ ಹೋಗಿ ಬಟ್ಟಲಲ್ಲಿ ವಿಭೂತಿ ನೆನೆಸಿ ತಂದರು. ಡಬ್ಬದ ಮುಖದ ಮೇಲೆ ಮೂರು ಬೆರಳಲ್ಲಿ ಮೂರು ಪಟ್ಟೆ ಎಳೆದರು. ನಡುವೆ ದುಂಡಗೆ ಒಂದು ಗುಂಡಿ ಇತ್ತಲ್ಲ, ಬೊಟ್ಟಿಡಲು ಹೇಳಿ ಮಾಡಿಸಿದ ಹಾಗೆ, ಅದಕ್ಕೆ ಕುಂಕುಮವಿಟ್ಟು ಕೈಮುಗಿದರು.

"ದುಡಿಯೋ ಸಾಮಾನು ಇದು. ರಂಟೆ ಕುಂಟೆಗೆ ಹಚ್ಚಿದಂಗೆ ಇದಕ್ಕೂ ಹಚ್ಚೀನಿ" ಎಂದು ಒಳಗೆ ಹೋದರು.

ಮಾವ ಹಗ್ಗ ಕೆಳಗೆ ಹಾಕಿದರು. ನಮ್ಮ ಮನೆಯಲ್ಲಿ ವಿಭೂತಿ ಹಚ್ಚಿದ ಸಾಮಾನನ್ನು ಹೊರಗೆ ಹಾಕುವುದಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಒರಳಿಗೆ, ಹೊಲಿಗೆ ಯಂತ್ರಕ್ಕೆ, ಇವರ ಸ್ಕೂಟರಿಗೆ ಹಚ್ಚುವಾಗ ನನ್ನ ಕಂಪ್ಯೂಟರಿಗೂ ಹಚ್ಚುತ್ತಾರೆ. ಆಯುಧಪೂಜೆಗಂತೂ ಒಂದು ಬೆರಳು ದಪ್ಪ. ಮರುದಿನ ನಾನು ಪಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಬೊಟ್ಟನ್ನು ಮಾತ್ರ ಮುಟ್ಟುವುದಿಲ್ಲ. ಕುಂಕುಮ ಒರೆಸುವುದೆಂದರೆ ಇಷ್ಟು ವಯಸ್ಸಾದರೂ ನನಗೆ ಕೈ ಬರುವುದಿಲ್ಲ, ಅದು ಪ್ಲಾಸ್ಟಿಕ್ಕಿನ ಹಣೆಯಾದರೂ ಸರಿ. ಹೀಗಾಗಿ ಗುಂಡಿ ಒತ್ತುವ ನನ್ನ ತೋರುಬೆರಳ ತುದಿ ಆಗೆಲ್ಲ ತುಸು ಕೆಂಪಾಗಿರುತ್ತಿತ್ತು. ಪ್ರೆಸ್ಸಿನವರು ಅದನ್ನು ಇಂಕು ಎಂದುಕೊಂಡಿದ್ದರು.

ಇರಲಿ, ಆ ಬೆಳಗಿಗೆ ಬರುತ್ತೇನೆ. ಹೊನ್ನಾಳಿಯಲ್ಲಿ ಕಂಪ್ಯೂಟರು ರಿಪೇರಿ ಮಾಡುವ ರುದ್ರೇಶನಿಗೆ ಫೋನು ಹಚ್ಚಿದೆ.

"ಅಕ್ಕಾ, ಎಸ್‌ಎಂಪಿಎಸ್ ಹೋಗೈತೆ. ಇಲ್ಲಾಂದ್ರೆ ಮದರ್‌ಬೋರ್ಡೇ ಹೋಗೈತೆ. ಅದಕ್ಕೆ ಸಾಮಾನು ಸಿಗಲ್ಲ ಈಗ. ಹೊಸಾದು ತಗಂಡುಬಿಡ್ರಿ" ಎಂದ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆ.

"ನೋಡದೇ ಹೆಂಗೆ ಹೇಳ್ತೀಯಪ್ಪಾ?"

"ನೋಡೋದೇನೈತಕ್ಕಾ, ವಯಸ್ಸು ಕೇಳಿದ್ರೆ ಗೊತ್ತಾಗಲ್ವಾ?"

ಫೋನಿಟ್ಟೆ. ಮೊಣಕಾಲು ನೋವೆಂದು ಹೋದಾಗ ನನಗೂ ಹೀಗೇ ಹೇಳಿದವರಿದ್ದಾರೆ. ಮುಟ್ಟಿ ನೋಡುವುದಿಲ್ಲ, ಬಗ್ಗಿಸಿ ನೋಡುವುದಿಲ್ಲ, "ವಯಸ್ಸಾತಲ್ಲಮ್ಮ" ಎಂದು ಮಾತ್ರೆ ಬರೆದು ಕಳಿಸುತ್ತಾರೆ. ವಯಸ್ಸಾಗುವುದು ಒಂದು ರೋಗವೇ? ಹಾಗಾದರೆ ಅದರ ಔಷಧಿ ಗುಜರಿಯೇ? ಆಗಲೇ ನಿರ್ಧಾರ ಮಾಡಿದೆ, ಇದನ್ನು ನಾನೇ ನೋಡುತ್ತೇನೆ ಎಂದು.

ನೋಡುವ ವಿದ್ಯೆ ನನಗೆ ಇರಲಿಲ್ಲವೆಂದಲ್ಲ. ನಾನು ಜಗಳೂರಿನ ಹಿಟ್ಟಿನ ಗಿರಣಿಯವರ ಮಗಳು. ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಹಿಟ್ಟಿನಿಂದ ಬೆಳ್ಳಗಿರುತ್ತಿದ್ದವು. ಅಪ್ಪನೆಂದರೆ ಮುದುಕ ಎಂದೇ ನಾನು ತಿಳಿದಿದ್ದೆ. ಹಬ್ಬದ ದಿನ ತಲೆಗೆ ಎರೆದುಕೊಂಡು ಕಪ್ಪು ಮೀಸೆಯಲ್ಲಿ ಹೊರಗೆ ಬಂದಾಗ, ಯಾರೋ ಬಂದಿದ್ದಾರೆಂದು ಅವ್ವನ ಸೆರಗಿನ ಹಿಂದೆ ಅವಿತಿದ್ದೆನಂತೆ. ಜಗಳೂರಿನ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಬಂದ ಗಳಿಗೆಯಲ್ಲೇ ಗಿರಣಿ ಕೈಕೊಟ್ಟರೆ ಜೋಳದ ಡಬ್ಬಿ ಹಿಡಿದು ನಿಂತ ಹೆಂಗಸರೆಲ್ಲ "ಮೋಟ್ರು ಸುಟ್ಟೈತೆ, ಮೋಟ್ರು ಸುಟ್ಟೈತೆ" ಎಂದು ಒಕ್ಕೊರಲಿನಿಂದ ತೀರ್ಪು ಕೊಡುತ್ತಿದ್ದರು. ಅಪ್ಪ ಮೋಟರಿನ ಹತ್ತಿರ ಹೋಗುತ್ತಲೇ ಇರಲಿಲ್ಲ. "ಮೊದ್ಲು ಗ್ವಾಡೆ ಕೇಳ್ಬೇಕು, ಆಮ್ಯಾಲೆ ವೈರು, ಆಮ್ಯಾಲೆ ಗುಂಡಿ. ಮೋಟ್ರು ಮಾತಾಡ್ಸೋದು ಕಡೀಗೆ" ಎನ್ನುತ್ತ ಗೋಡೆಯ ಫ್ಯೂಜಿನಿಂದ ಶುರು ಮಾಡುತ್ತಿದ್ದರು. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಯಾವುದೋ ಅದನ್ನು ಕೊನೆಗೆ ನೋಡಬೇಕು ಎಂಬುದು ಅವರ ಹಟ. ಆ ಹಟ ನನಗೂ ಬಂದಿದೆ. ಮೀಸೆಯೊಂದು ಬರಲಿಲ್ಲ.

ಹಾಗಾಗಿ ಮೊದಲು ಗೋಡೆ. ಅಡುಗೆಮನೆಯ ಮಿಕ್ಸಿ ತಂದು ಅದೇ ಪ್ಲಗ್ಗಿಗೆ ಚುಚ್ಚಿದೆ. ಅರಚಿತು. ಹೇಗೂ ತಂದದ್ದಾಗಿದೆಯೆಂದು ಶೇಂಗಾ ಚಟ್ನಿಯನ್ನೂ ಅಲ್ಲೇ ಅರೆದೆ. ಪಡಸಾಲೆಯಲ್ಲಿ ಚಟ್ನಿ ಅರೆದದ್ದನ್ನು ಯಜಮಾನರು ನೋಡಿದ್ದರೆ ದಿವಾನಿನ ಆಸೆಯನ್ನೇ ಬಿಡುತ್ತಿದ್ದರೋ ಏನೋ. ಆಮೇಲೆ ಯುಪಿಎಸ್ ಮೇಲೆ ಗುಮಾನಿ ಬಂತು. ಅದನ್ನು ಬದಿಗಿಟ್ಟು ನೇರವಾಗಿ ಗೋಡೆಗೆ ಕೊಟ್ಟೆ. ಇಲ್ಲ. ವೈರು ಬದಲಿಸಿದೆ. ಪರದೆಯ ವೈರು ಡಬ್ಬಕ್ಕೆ, ಡಬ್ಬದ ವೈರು ಪರದೆಗೆ. ಪರದೆಗೆ ದೀಪ ಬಂತು, ಡಬ್ಬಕ್ಕೆ ಜೀವ ಬರಲಿಲ್ಲ. ವೈರಿನ ತಪ್ಪೇನೂ ಇಲ್ಲ ಎಂದಾಯಿತು.

ಮುಂದಿನದು ಗುಂಡಿ. ಆದರೆ ನಾನು ಗುಂಡಿಯನ್ನು ಹಾರಿಸಿಬಿಟ್ಟೆ. ಹಾರಿಸಿದೆನೆಂಬುದು ಆಗ ಗೊತ್ತೂ ಆಗಲಿಲ್ಲ. ದಿನಾ ಬೆಳಿಗ್ಗೆ ಒತ್ತುವ ಗುಂಡಿ, ಹಿಂದಿನ ದಿನವಷ್ಟೇ ಅಮಾವಾಸ್ಯೆಯ ಬೊಟ್ಟಿಟ್ಟ ಗುಂಡಿ; ಅದನ್ನು ಅನುಮಾನಿಸುವುದು ದೇವರ ಗೂಡಿನ ಮೇಲೆ ಕಳ್ಳತನದ ಗುಮಾನಿ ಪಟ್ಟ ಹಾಗೆ. ವೈರು ಕಿತ್ತು ನೇರ ಡಬ್ಬದ ಮಗ್ಗುಲು ಬಿಚ್ಚಿದೆ.

ಒಳಗೆ ಒಂದು ಊರೇ ಇತ್ತು. ಧೂಳು, ಹಲ್ಲಿಯ ಮೊಟ್ಟೆಯ ಚಿಪ್ಪು, ನನ್ನದೇ ಇರಬೇಕಾದ ಉದ್ದನೆಯ ಕೂದಲು. ಬಣ್ಣ ಬಳಿಯುವ ಬ್ರಷ್ಷಿನಿಂದ ಗುಡಿಸಿದೆ, ಸೈಕಲ್ ಪಂಪಿನಿಂದ ಊದಿದೆ. ರ‍್ಯಾಮ್ ಪಟ್ಟಿ ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಜ್ಜಿ, ಮತ್ತೆ ಕೂರಿಸಿದೆ. ವೈರು ಹಾಕಿದೆ. ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಹಸಿರು ದೀಪ ಹತ್ತಿತು. ಕರೆಂಟು ಇಲ್ಲಿಯವರೆಗೆ ಬಂದಿದೆ! ಗುಂಡಿ ಒತ್ತಿದೆ. ಫ್ಯಾನು ಅಲುಗಲಿಲ್ಲ. ದೀಪ ಮಾತ್ರ ನನ್ನನ್ನು ನೋಡುತ್ತ ಉರಿಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಬಾಗಿಲಲ್ಲೇ ನಿಂತು ನಕ್ಕರು. "ಏನು, ಪೋಸ್ಟ್‌ಮಾರ್ಟಂ ಮುಗೀತಾ?"

"ಸತ್ತೋರಿಗೆ ಮಾಡೋದು ಪೋಸ್ಟ್‌ಮಾರ್ಟಂ. ಇದು ಆಪರೇಷನ್."

"ಊಟ?"

"ರೊಟ್ಟಿ ಡಬ್ಬ್ಯಾಗೈತೆ, ಚಟ್ನಿ ಮಿಕ್ಸ್ಯಾಗೈತೆ. ಹಾಕ್ಕಂಡು ಉಣ್ರಿ."

ಉಂಡರು. ಚಟ್ನಿ ಚೆನ್ನಾಗಿದೆ ಎಂದೂ ಹೇಳಿದರು. ಹೋಗುವಾಗ ಟೇಪು ಹಿಡಿದು ಮೂಲೆಯ ಅಳತೆ ತೆಗೆದುಕೊಂಡು ಹೋದರು.

ಆ ಟೇಪಿನ ಟರ್ ಎಂಬ ಸದ್ದಿಗೆ ನನಗೆ ಅಳುವೇ ಬಂತು. ಬಿಚ್ಚಿದ ಡಬ್ಬದೆದುರು ನೆಲದ ಮೇಲೆ ಕಾಲು ಚಾಚಿ ಕೂತೆ. ಅತ್ತೆ ಬತ್ತಿಯ ತಟ್ಟೆ ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಹೇಳುವ ಅಭ್ಯಾಸ ಅವರಿಗಿಲ್ಲ. ಹೊಸೆಯುತ್ತ ಹೊಸೆಯುತ್ತ, "ಅದು ಸತ್ತಿಲ್ಲ ಬಿಡು. ದೀಪ ಉರಿತೈತಲ್ಲ" ಎಂದರಷ್ಟೇ. ಅವರು ಹೇಳಿದ್ದಕ್ಕೆ ಮುಖವೆತ್ತಿ ನೋಡಿದೆ. ಎಂದೂ ಕುರ್ಚಿಯಿಂದ ನೋಡುವ ಡಬ್ಬವನ್ನು ಅಂದು ನೆಲದಿಂದ ನೋಡಿದ್ದು. ಬೊಟ್ಟಿಟ್ಟ ಗುಂಡಿ ಅದರ ಮುಖದಿಂದ ಮುಂದೆ ಚಾಚಿರಬೇಕಿತ್ತು. ಚಾಚಿರಲಿಲ್ಲ. ಒಳಗೆ ಇಳಿದು ಕೂತಿತ್ತು.

ಬೆರಳಿಟ್ಟು ಒತ್ತಿದೆ. ಹೋಗಲು ಜಾಗವಿಲ್ಲ. ಬಿಟ್ಟೆ. ವಾಪಸು ಬರಲಿಲ್ಲ.

ಗಿರಣಿಯ ವಾಸನೆ ಮೂಗಿಗೆ ಬಡಿದಂತಾಯಿತು. ಮಳೆಗಾಲದಲ್ಲಿ ಹಿಟ್ಟಿನ ಧೂಳು ಸ್ಟಾರ್ಟರಿನ ಹಸಿರು ಗುಂಡಿಯ ಸುತ್ತ ಕೂತು, ಥಂಡಿಗೆ ಅಂಟಾಗಿ, ಒಳಗೆ ಹೋದ ಗುಂಡಿ ಹೊರಗೆ ಬರುತ್ತಿರಲಿಲ್ಲ. ಅಪ್ಪ ಮೇನ್ ಸ್ವಿಚ್ಚು ಇಳಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯುತ್ತ ಹೇಳುತ್ತಿದ್ದರು: "ಗುಂಡಿ ಸಿಗಾಕ್ಕಂಡೈತೆ ಅಂತ ಮಿಷನ್ನಿಗೆ ಹೆಂಗೆ ಗೊತ್ತಾಗ್ಬೇಕು? ಯಾರೋ ಒತ್ತಿ ಹಿಡ್ದಾರೆ ಅಂದ್ಕಂತೈತೆ ಪಾಪ." ಕಂಪ್ಯೂಟರಿನ ಗುಂಡಿಯನ್ನು ಒತ್ತಿ ಹಿಡಿದರೆ ಅದು ಆರಿಹೋಗುತ್ತದೆ. ಇದು ನನಗೆ ಗೊತ್ತಿದ್ದದ್ದೇ. ಬೆಳಿಗ್ಗೆ ಒಂದು ಗುಟುಕು ಚಹಾದಷ್ಟು ಹೊತ್ತು ತಿರುಗಿ ನಿಂತದ್ದು ಅದಕ್ಕೇ. ಬೆಳಗಿನಿಂದ ಕಾಣದ ಬೆರಳೊಂದು ಅದನ್ನು ಅದುಮಿ ಹಿಡಿದಿತ್ತು.

ಗುಂಡಿಯಿಂದ ಬೋರ್ಡಿಗೆ ಹೋಗುವ ಸಣ್ಣ ಜೋಡಿ ವೈರನ್ನು ಕಿತ್ತೆ. ವೈರು ಕೂತಿದ್ದ ಕಡೆ ಎರಡು ಪುಟ್ಟ ಮೊಳೆಗಳಿದ್ದವು. ರುದ್ರೇಶ ತನ್ನ ಅಂಗಡಿಯಲ್ಲಿ ಅಲ್ಲಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ ಚಾಲೂ ಮಾಡುವುದನ್ನು ನೋಡಿದ್ದೆ. ಅತ್ತೆಗೆ ದೂರ ಸರಿಯಲು ಹೇಳಿದೆ. ಅವರು ಸರಿಯಲಿಲ್ಲ. ಎರಡು ಮೊಳೆಗೂ ಒಟ್ಟಿಗೆ ತಾಗುವಂತೆ ಮುಟ್ಟಿಸಿ ತೆಗೆದೆ.

ಫ್ಯಾನು ಗುರ್ ಎಂದಿತು. ತಿರುಗಿತು. ತಿರುಗುತ್ತಲೇ ಇತ್ತು. ಪರದೆಯ ಮೇಲೆ, ಅರ್ಧ ಮುಗಿಸಿದ್ದ ಯಾರದೋ ಲಗ್ನಪತ್ರಿಕೆಯ ಫೈಲು ಎಂದಿನ ಜಾಗದಲ್ಲಿ ಬಂದು ಕೂತಿತು. ನಾನು ಕೂಗಿದ ಕೂಗಿಗೆ ಅತ್ತೆಯ ತಟ್ಟೆಯ ಬತ್ತಿಗಳೆಲ್ಲ ನೆಲಕ್ಕೆ ಬಿದ್ದವು.

ಸಂಜೆಯ ಹೊತ್ತಿಗೆ ಬೀದಿಯಲ್ಲಿ "ಹಳೇ ಕಬ್ಬಿಣ, ಹಳೇ ಪೇಪರ್, ಹಳೇ ಕಂಪ್ಯೂಟರ್" ಎಂಬ ಮೈಕು ಕೇಳಿಸಿತು. ಗುಜರಿಯವನನ್ನು ಕರೆದುಕೊಂಡು ಯಜಮಾನರೇ ಬಂದರು. ನಾನು ಡಬ್ಬವನ್ನು ಆರಿಸಿ, ವೈರು ಕಿತ್ತು, ಗುಂಡಿಯನ್ನು ಮೀಟಿ ತೆಗೆಯುತ್ತಿದ್ದೆ. ಅದು ಕಿತ್ತು ಬಂತು. ಒಳಗೆಲ್ಲ ಬಿಳಿ ಕೆಂಪು ಬಿಳಿ ಕೆಂಪು ಪದರವಾಗಿ ಗಟ್ಟಿಕಟ್ಟಿದ ವಿಭೂತಿ ಕುಂಕುಮ. ಒಳಗಿನ ಪ್ಲಾಸ್ಟಿಕ್ ಬಾಲವೂ ಮುರಿದಿತ್ತು. ಯಜಮಾನರು ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅವ್ವಾ, ಇದನ್ನ ಕೊಂದೋಳು ನೀನೇ ಕಣವ್ವಾ! ನಿನ್ನ ಪೂಜೇನೇ!"

ಅತ್ತೆ ನಗಲಿಲ್ಲ. ತಮ್ಮ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡರು. ಸೆರಗಿಗೆ ಒರೆಸಿಕೊಂಡರು, ಒರೆಸುವಂಥದ್ದು ಏನೂ ಇಲ್ಲದಿದ್ದರೂ. "ಹೌದೇನೇ ಗಿರಿಜಾ? ನನ್ನ ಕೈಯಿಂದ್ಲೇ ಆತಾ?" ಎಂದರು.

ಬೆಳಗಿನಿಂದ ನನಗೆ ಬಂದಿದ್ದ ಸಿಟ್ಟೆಲ್ಲ ಏನೂ ಅಲ್ಲ. ಆಗ ಬಂದದ್ದು ನಿಜವಾದ ಸಿಟ್ಟು.

"ಅತ್ತೆ, ಅವತ್ತು ನೀವು ಹಚ್ಚದೇ ಇದ್ದಿದ್ರೆ ಇದು ಬಂದ ದಿನಾನೇ ವಾಪಸು ಹೋಗಿರ್ತಿತ್ತು. ಇಷ್ಟು ವರ್ಷ ಇದು ನಡ್ದಿದ್ದೇ ನಿಮ್ಮ ಕೈಯಿಂದ" ಎಂದೆ. ಇವರ ಕಡೆ ತಿರುಗಿ, "ಬೆಳಿಗ್ಗೆ ನೀವು ಇದಕ್ಕೆ ಹೊಡೆದ್ರಿ. ಅವರು ಯಾವತ್ತೂ ಹೊಡೆದಿಲ್ಲ. ಮಾತು ನೋಡಿ ಆಡ್ರಿ" ಎಂದೆ. ಮದುವೆಯಾದಾಗಿನಿಂದ ಪರರೆದುರು ಇವರಿಗೆ ಹಾಗೆ ಮಾತಾಡಿದವಳಲ್ಲ. ಗುಜರಿಯವನು ನಾಚಿಕೊಂಡು ತೊಲೆ ನೋಡತೊಡಗಿದ.

ದೊಡ್ಡ ಗುಂಡಿಯ ಕೆಳಗೆ ತೊಗರಿಬೇಳೆಯಷ್ಟು ಸಣ್ಣದೊಂದು ಗುಂಡಿಯಿದೆ, ರೀಸೆಟ್ ಎಂದು. ಇಷ್ಟು ವರ್ಷದಲ್ಲಿ ನಾನು ಅದನ್ನು ಮುಟ್ಟಿರಲೇ ಇಲ್ಲ. ಅದರ ವೈರನ್ನು ತೆಗೆದು, ದೊಡ್ಡ ಗುಂಡಿಯ ವೈರು ಕೂತಿದ್ದ ಮೊಳೆಗಳಿಗೆ ಸಿಕ್ಕಿಸಿದೆ. ಗೋಡೆಯ ವೈರು ಹಾಕಿ, ಎಲ್ಲರೆದುರು ಉಗುರ ತುದಿಯಲ್ಲಿ ಒತ್ತಿದೆ. ಕಂಪ್ಯೂಟರು ಎದ್ದು ಕೂತಿತು. ಯಜಮಾನರ ನಗು ನಿಂತಿತು.

"ಕಂಪ್ಯೂಟರ್ ಐತೆ ಅಂದಿದ್ರಲ್ಲಮ್ಮ" ಎಂದ ಗುಜರಿಯವನು, ಮೆಲ್ಲಗೆ.

"ಅಟ್ಟದ ಮ್ಯಾಲೆ ಒಂದು ಟೀವಿ ಐತೆ, ತಗಂಡ್ಹೋಗಪ್ಪಾ."

"ಏ, ಅದನ್ನ ರಿಪೇರಿ ಮಾಡ್ಸಬೇಕು ಅಂತಿದ್ದೆ" ಎಂದರು ಇವರು.

"ವಯಸ್ಸು ಕೇಳಿದ್ರೆ ಗೊತ್ತಾಗಲ್ವಾ?" ಎಂದೆ.

ದೊಡ್ಡ ಗುಂಡಿಯನ್ನು ಎಸೆಯಲಿಲ್ಲ. ಗೋಂದು ಹಚ್ಚಿ ಅದರ ಜಾಗದಲ್ಲೇ ಕೂರಿಸಿದೆ. ಈಗ ಅದನ್ನು ಒತ್ತಿದರೆ ಏನೂ ಆಗುವುದಿಲ್ಲ.

ಮುಂದಿನ ಅಮಾವಾಸ್ಯೆ ಬಂತು. 'ಕಾಯ ಬಿಟ್ಟರೂ ಕಾಯಕ ಬಿಡೆ' ಎನ್ನುವ ಹಾಗೆ ನಮ್ಮ ಅತ್ತೆ. ಸೊಂಟ ಹಿಡಿದುಕೊಂಡೇ ಒರಳಿಗೆ ಹಚ್ಚಿದರು, ಹೊಲಿಗೆ ಯಂತ್ರಕ್ಕೆ ಹಚ್ಚಿದರು, ಸ್ಕೂಟರಿಗೆ ಹಚ್ಚಿದರು. ನನ್ನ ಮೂಲೆಗೆ ಬಂದವರು ಬಟ್ಟಲನ್ನು ಕೆಳಗಿಟ್ಟು ದೂರದಿಂದಲೇ ಕೈಮುಗಿದರು. ಮೂರು ಬೆರಳು ಮಡಚಿಕೊಂಡಿದ್ದವು. ಅವರ ಕೈ ಹಿಡಿದು ವಿಭೂತಿಯಲ್ಲಿ ಅದ್ದಿ, ಡಬ್ಬದ ಮುಖಕ್ಕೆ ಒತ್ತಿಸಿದೆ.

"ಎಷ್ಟು ಬೇಕಾದ್ರೂ ಹಚ್ರಿ ಅತ್ತೆ. ಈ ಮ್ಯಾಲಿನ ಗುಂಡಿ ನಿಮ್ದು. ನಂದು ಕೆಳಗಿಂದು."

ಅವರು ನನ್ನ ಮುಖ ನೋಡಿದರು. ಆಮೇಲೆ ಮೂರು ಪಟ್ಟೆ ಎಳೆದರು, ಎಂದಿಗಿಂತ ದಪ್ಪ. ದೊಡ್ಡ ಗುಂಡಿಗೆ ಕುಂಕುಮವಿಡುತ್ತಿದ್ದಾಗಲೇ ಚನ್ನಗಿರಿಯ ದಾಯಾದಿ, ಅದೇ ದಿವಾನಿನವರು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಂದವರೇ ಮೂಲೆ ನೋಡಿ, "ಅಯ್ಯ, ಇದಿನ್ನೂ ಐತಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ತಿರುಗಿಯೂ ನೋಡದೆ, ಎತ್ತರದ ದನಿಯಲ್ಲಿ ಹೇಳಿದರು: "ಐತೆ. ಕುಂದ್ರಾಕೆ ಚಾಪೆ ಹಾಸ್ತೀನಿ, ಕುಂದ್ರಪ್ಪಾ."